ಕೇಸಿನ ಮಾಲು

ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಾನು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ಮೇಷ್ಟರಾಗಿದ್ದೆ. ನಮ್ಮ ಊರು ಶಿಕಾರಿಪುರ ತಾಲ್ಲೂಕಿನದು, ಶಿರಾಳಕೊಪ್ಪಕ್ಕೆ ಹತ್ತಿರ. ಅಪ್ಪ ತೀರಿಕೊಂಡಾಗ ಅಣ್ಣ ಕುರಿಮಂದೆಯನ್ನು ತಲೆಗೆ ಹಾಕಿಕೊಂಡು ನನ್ನನ್ನು ಶಾಲೆಗೆ ಬಿಟ್ಟ. ನಾನು ನೌಕರಿ ಹಿಡಿದ ಮೇಲೂ ಅವನು ಕುರಿ ಬಿಡಲಿಲ್ಲ. ಅತ್ತಿಗೆಗೂ ಅದರಲ್ಲೇ ಪ್ರೀತಿ. ಉಣ್ಣೆ ನೂಲುತ್ತ ನಡೆಯುತ್ತಿದ್ದಳು, ಮಾತಾಡುವಾಗಲೂ ಕದರು ತಿರುಗುತ್ತಲೇ ಇರುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ.

ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಅಣ್ಣ ಮಂದೆ ಹೊಡೆದುಕೊಂಡು ಕುಬಟೂರಿನ ಕಡೆಗೆ ಬರುತ್ತಿದ್ದ. ಖಾಲಿ ಗದ್ದೆಯಲ್ಲಿ ಕುರಿಗಳನ್ನು ತಂಗಿಸಿದರೆ ಗದ್ದೆಗೆ ಗೊಬ್ಬರವಾಗುತ್ತದೆ. ಗದ್ದೆಯವರು ಭತ್ತ ಅಳೆದು ಕೊಡುತ್ತಾರೆ. ಅಪ್ಪನ ಕಾಲದಿಂದಲೂ ನಮ್ಮ ಮಂದೆಗೆ ಅಲ್ಲಿ ಗುರುತಿನ ಗದ್ದೆಗಳಿದ್ದವು. ಆ ತಿಂಗಳುಗಳಲ್ಲಿ ರಜೆ ಸಿಕ್ಕಿದಾಗಲೆಲ್ಲ ನಾನು ನಡೆದು ಹೋಗಿ ಅವರ ಗುಡಾರದಲ್ಲಿ ರೊಟ್ಟಿ ತಿಂದು ಬರುತ್ತಿದ್ದೆ. ಅಣ್ಣ ನನ್ನನ್ನು ನೋಡಿದ ಕೂಡಲೇ ಎದ್ದು ಕಂಬಳಿ ಹಾಸುತ್ತಿದ್ದ. ತಮ್ಮ ಮೇಷ್ಟರಾದನೆಂಬ ಹಿಗ್ಗು ಅವನಿಗೆ ಒಂದು ದಿನವೂ ಇಳಿಯಲಿಲ್ಲ.

ಆ ಸಲ ಅಲ್ಲಿಯ ಒಬ್ಬ ಜಮೀನ್ದಾರರ ಮನೆಯಿಂದ ಕೆಲವು ಕುರಿಗಳು ಕಾಣೆಯಾದವು. ಅವರು ಠಾಣೆಗೆ ಹೋಗಿ ದೂರು ಕೊಟ್ಟರು. ಯಾರ ಮೇಲೂ ಗುಮಾನಿ ಹೇಳಿರಲಿಲ್ಲವಂತೆ. ಆದರೆ ಊರಲ್ಲಿ ಹೊರಗಿನ ಮಂದೆ ಎಂದರೆ ನಮ್ಮದೊಂದೇ. ಮರುದಿನ ಬೆಳಿಗ್ಗೆ ಪೊಲೀಸರು ಬಂದು ಅಣ್ಣನನ್ನೂ ಇಡೀ ಮಂದೆಯನ್ನೂ ಹೊಡೆದುಕೊಂಡು ಹೋದರು. ಠಾಣೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದು ಆಗಬೇಕಾದ್ದು ಏನೂ ಉಳಿದಿಲ್ಲ.

ಸುದ್ದಿ ತಂದವರು ಕುಬಟೂರಿನ ಒಬ್ಬ ಗದ್ದೆಯವರು. ಶಾಲೆಯ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಸ್ವಲ್ಪ ಹೊರಗೆ ಬರ್ತೀರಾ" ಎಂದರು. ಜಗಲಿಯ ಮೂಲೆಗೆ ಕರೆದುಕೊಂಡು ಹೋಗಿ ಹೇಳಿದರು. "ನಿಮ್ಮ ಅಣ್ಣ ಅಂಥವ್ನಲ್ಲ ಅಂತ ನಾವೆಲ್ಲ ಹೇಳಿದ್ವಿ. ಅವ್ರು ಕೇಳ್ಲಿಲ್ಲ. ಹೆಂಗಸೊಬ್ಳೇ ಕುರಿ ಹಿಂದೆ ಹೋಗಿದಾಳೆ. ನೀವು ಬೇಗ ಹೊರಡೂದು ಒಳ್ಳೇದು."

ಠಾಣೆಗೆ ಹೋದಾಗ ನನ್ನನ್ನು ಒಳಗೆ ಬಿಡಲಿಲ್ಲ. ನಾನು ಸರ್ಕಾರಿ ಶಾಲೆಯ ಮೇಷ್ಟರು ಎಂದು ಹೇಳಿಕೊಂಡೆ. ದಫೇದಾರರು ನನ್ನ ಕೋಟನ್ನೂ ಟೋಪಿಯನ್ನೂ ನೋಡಿ, "ಹಂಗಾದ್ರೆ ನಿಮಗೆ ಗೊತ್ತಿರಬೇಕಲ್ರೀ. ತನಿಖೆ ನಡೀವಾಗ ನೋಡಾಕೆ ಬಿಡಲ್ಲ" ಎಂದರು. ನಾನು ಎದುರಿನ ಹುಣಸೆಮರದ ಕೆಳಗೆ ನಿಂತೆ. ಒಳಗಿನಿಂದ ಅಣ್ಣನ ದನಿ ಎರಡು ಸಲ ಕೇಳಿತು. ಚಿಕ್ಕಂದಿನಿಂದ ಅವನ ದನಿ ಕೇಳುತ್ತ ಬೆಳೆದವನು ನಾನು, ಆ ದನಿ ಅವನದೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅತ್ತಿಗೆ ಅಲ್ಲಿರಲಿಲ್ಲ. ದನದ ದೊಡ್ಡಿಯ ಹತ್ತಿರ ಇದ್ದಾಳೆಂದು ಯಾರೋ ಹೇಳಿದರು. ಬೆಳೆಗೆ ನುಗ್ಗಿದ ಬೀಡಾಡಿ ದನಗಳನ್ನು ಕೂಡಿಹಾಕುವ ದೊಡ್ಡಿ ಅದು, ನಾಲ್ಕು ಗೋಡೆ, ಒಂದು ಗೇಟು. ಅಷ್ಟರೊಳಗೆ ನಮ್ಮ ಇಡೀ ಮಂದೆಯನ್ನು ತುರುಕಿದ್ದರು. ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು. ಅತ್ತಿಗೆ ಬೇಲಿಯಿಂದ ಸೊಪ್ಪು ಮುರಿದು ತಂದು ಗೋಡೆಯ ಮೇಲಿಂದ ಎಸೆಯುತ್ತಿದ್ದಳು. ಕೈಯೆಲ್ಲ ಮುಳ್ಳು ತರಚಿ ರಕ್ತವಾಗಿತ್ತು.

"ಗಬ್ಬದ ಕುರಿ ಅದಾವಪ್ಪಾ ಒಳಗ" ಎಂದಳು ನನ್ನನ್ನು ಕಂಡು. "ನೀರು ಇಲ್ಲ. ಅವ್ರಿಗೆ ಹೇಳು. ನೀ ಹೇಳಿದ್ರ ಕೇಳ್ತಾರ."

ದೊಡ್ಡಿ ಕಾಯುವವನು ವಯಸ್ಸಾದ ಮನುಷ್ಯ. ಕೆಟ್ಟವನಲ್ಲ. "ನಾ ಎಂತ ಮಾಡ್ಲಿ ಮೇಷ್ಟ್ರೇ" ಎಂದ. "ಬೀಡಾಡಿ ದನ ಆದ್ರೆ ಹುಲ್ಲು ಹಾಕ್ಲಿಕ್ಕೆ ನಂಗೆ ಕೊಡ್ತಾರೆ. ಇವು ಪೊಲೀಸ್ರದ್ದು. ಅವ್ರು ಹೇಳ್ದೆ ಬಾಗ್ಲು ತೆಗೆದ್ರೆ ನನ್ನ ಕೆಲ್ಸ ಹೋಗ್ತದೆ." ಆದರೂ ನಾವು ಸೊಪ್ಪು ಎಸೆಯುವಾಗ ಅವನು ಬೇರೆ ಕಡೆ ನೋಡುತ್ತ ಕುಳಿತಿರುತ್ತಿದ್ದ. ಒಬ್ಬ ಪೊಲೀಸಿನವನು ಬಂದು ಅದನ್ನೂ ನಿಲ್ಲಿಸಿದ. ಕೇಸಿನ ಮಾಲು, ಅದಕ್ಕೆ ಯಾರೂ ಏನೂ ಹಾಕಕೂಡದು, ನಾಳೆ ಏನಾದರೂ ಆದರೆ ನೀವೇ ವಿಷ ಹಾಕಿದಿರಿ ಎಂದಾಗುತ್ತದೆ ಎಂದ.

ನಾನು ಮತ್ತೆ ದಫೇದಾರರ ಹತ್ತಿರ ಹೋದೆ.

"ಸ್ವಾಮಿ, ಕುರಿಗಳಿಗೆ ನೀರಾದರೂ ಕುಡಿಸೋಕೆ ಬಿಡಿ. ಹಳ್ಳ ಪಕ್ಕದಲ್ಲೇ ಇದೆ. ನಿಮ್ಮವರೇ ಜೊತೆಗೆ ಬರಲಿ."

"ಒಂದು ಕುರಿ ತಪ್ಪಿಸ್ಕೊಂಡ್ರೆ ನಾನು ಜವಾಬ್ದಾರಿ ಕಣ್ರೀ."

"ಸತ್ತರೆ?"

"ಸತ್ರೆ ಪಂಚನಾಮೆ ಮಾಡ್ತೀವಿ."

ಅವರ ಮುಖದಲ್ಲಿ ಸಿಟ್ಟಾಗಲಿ ಕುಚೋದ್ಯವಾಗಲಿ ಇರಲಿಲ್ಲ. ತಮ್ಮ ಕೆಲಸದ ಕ್ರಮ ಏನೆಂದು ನನಗೆ ತಿಳಿಸಿ ಹೇಳುತ್ತಿದ್ದರು.

ಅಣ್ಣನನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದಾಗ ಅವನ ಬಲಗೈ ಮಣಿಕಟ್ಟಿನ ಹತ್ತಿರ ಬಾತು ಕಪ್ಪಾಗಿತ್ತು. ಕದ್ದ ಕುರಿ ಯಾರಿಗೆ ಮಾರಿದೆ ಹೇಳು ಎಂದು ಲಾಠಿಯಿಂದ ಹೊಡೆದಿದ್ದರು. ತಲೆಗೆ ಬೀಳುವ ಏಟನ್ನು ಅವನು ಕೈಯಿಂದ ತಡೆದಿದ್ದ. ಹಿಡಿದು ಹಲವು ದಿನವಾಗಿದ್ದರೂ, ಒಂದು ದಿನದೊಳಗೆ ಕೋರ್ಟಿಗೆ ತರಬೇಕೆಂಬ ನಿಯಮಕ್ಕೆ ಹೊಂದುವಂತೆ, ಹಿಂದಿನ ದಿನವಷ್ಟೇ ಹಿಡಿದದ್ದೆಂದು ಬರೆದಿದ್ದರು. ಏನಾದರೂ ಹೇಳಿಕೊಳ್ಳುವುದಿದೆಯೇ ಎಂದು ಕೇಳಿದಾಗ ಅಣ್ಣ, "ಕುರಿಗೆ ನೀರು ಕುಡ್ಸಾಕ ಬಿಡ್ರಿ" ಎಂದನಂತೆ. ಕೈಯ ವಿಷಯ ಹೇಳಲಿಲ್ಲ. ಅವನ ಹಿಂದೆ ಹೊಡೆದವರೇ ನಿಂತಿದ್ದರು.

ಕುರಿಗಳ ಬಿಡುಗಡೆಗೆ ಬೇರೆ ಅರ್ಜಿ ಹಾಕಬೇಕು ಎಂದರು. ಶಿಕಾರಿಪುರದಲ್ಲಿ ಒಬ್ಬ ವಕೀಲರು ನನಗೆ ಗೊತ್ತಿದ್ದರು. ಹಿರಿಯರು, ಮಾತು ಕಡಿಮೆ, ಬಡವರ ಕೇಸುಗಳನ್ನು ಬೇಸರಿಸದೆ ನೋಡುತ್ತಿದ್ದರು. ಅವರೇ ಬಂದು ಅರ್ಜಿ ಹಾಕಿದರು. ಠಾಣೆಯವರ ವರದಿ ಬರಲಿ ಎಂದು ಕೋರ್ಟು ಮುಂದಕ್ಕೆ ಹಾಕಿತು. ವರದಿ ಬರಲಿಲ್ಲ. ಮತ್ತೆ ಮುಂದಕ್ಕೆ ಹೋಯಿತು.

ಈ ನಡುವೆ ಜಮೀನ್ದಾರರ ಕುರಿಗಳು ಸಿಕ್ಕಿದವು. ಕಾಡಂಚಿನ ಒಂದು ಹಳ್ಳಿಯಲ್ಲಿ ಬೇರೆಯವರ ಕುರಿಗಳ ಜೊತೆ ಸೇರಿಕೊಂಡು ಮೇಯುತ್ತಿದ್ದವಂತೆ. ಜಮೀನ್ದಾರರು ಪ್ರಾಮಾಣಿಕರು. ಅಂದೇ ಠಾಣೆಗೆ ಹೋಗಿ ಹೇಳಿದರು. ಆಮೇಲೆ ದೊಡ್ಡಿಯ ಹತ್ತಿರಕ್ಕೂ ಬಂದರು. ಅತ್ತಿಗೆಯ ಮುಖ ನೋಡಲಾರದೆ ನನ್ನ ಕಡೆ ತಿರುಗಿ, "ನನ್ನ ಕುರಿ ಸಿಕ್ಕಿದಾವೆ ಅಂತ ಹೇಳಿ ಬಂದೆ ಮೇಷ್ಟ್ರೇ. ಇನ್ನು ಬಿಡ್ತಾರೆ" ಎಂದರು.

ಬಿಡಲಿಲ್ಲ. ಕುರಿ ಸಿಕ್ಕಿದ್ದು ಠಾಣೆಗೆ ಗೊತ್ತಿತ್ತು, ಊರಿಗೆ ಗೊತ್ತಿತ್ತು. ಕಾಗದದ ಮೇಲೆ ಕೇಸು ಹಾಗೆಯೇ ಇತ್ತು. ಮೇಲಿನವರು ಬರೆಯದೆ ಕೆಳಗಿನವರು ಗೇಟು ತೆಗೆಯುವಂತಿರಲಿಲ್ಲ, ಕೋರ್ಟು ಹೇಳದೆ ಮೇಲಿನವರು ಬರೆಯುವಂತಿರಲಿಲ್ಲ, ವರದಿ ಬಾರದೆ ಕೋರ್ಟು ಹೇಳುವಂತಿರಲಿಲ್ಲ. ನಾನು ಕುಪ್ಪಗಡ್ಡೆಯಿಂದ ಶಿಕಾರಿಪುರಕ್ಕೆ, ಅಲ್ಲಿಂದ ಠಾಣೆಗೆ, ಠಾಣೆಯಿಂದ ದೊಡ್ಡಿಗೆ ಓಡಾಡಿದೆ. ಎಲ್ಲರೂ ಕೂರಿಸಿ ಮಾತಾಡಿಸಿದರು. ಯಾರೂ ಇಲ್ಲ ಎನ್ನಲಿಲ್ಲ.

ಗೋಡೆಯ ಆಚೆ ಗಬ್ಬದ ಕುರಿಗಳು ದಿನ ತುಂಬದೆ ಕಂದು ಹಾಕತೊಡಗಿದವು. ಅರಚಾಟ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಇಬ್ಬನಿಗೆ ಒದ್ದೆಯಾದ ಗೋಡೆಯನ್ನು ನೆಕ್ಕಿ ಕೆಲವು ಜೀವ ಹಿಡಿದಿದ್ದವು. ಅತ್ತಿಗೆ ಗೋಡೆಗೆ ಬೆನ್ನು ಕೊಟ್ಟು ಕುಳಿತೇ ಇದ್ದಳು. ಅವಳ ಕೈಯಲ್ಲಿ ಕದರು ಇರಲಿಲ್ಲ. ಊಟಕ್ಕೆ ಬಾ ಎಂದರೆ ಬರುತ್ತಿರಲಿಲ್ಲ. "ನಾ ಎದ್ದು ಹೋದ್ರ ಅವುಕ್ಕ ಗೊತ್ತಾಕ್ಕತಿ" ಎನ್ನುತ್ತಿದ್ದಳು. ಪೊಲೀಸರು ತಾವು ಹೇಳಿದ ಮಾತಿಗೆ ತಪ್ಪಲಿಲ್ಲ. ಸತ್ತ ಕುರಿಗಳಿಗೆಲ್ಲ ಪಂಚನಾಮೆ ಮಾಡಿದರು. ಊರವರಿಬ್ಬರು ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದರು.

ಕೊನೆಗೆ ಗೇಟು ತೆಗೆಯಿರಿ ಎಂಬ ಹುಕುಂ ಬಂದಾಗ ನಡೆದು ಹೊರಬಂದವು ಬೆರಳೆಣಿಕೆಯಷ್ಟು. ಹಳ್ಳದವರೆಗೆ ಹೋಗಿ ನೀರು ಮುಟ್ಟದೆ ನಿಂತವು. ಅಣ್ಣ ಜಾಮೀನಿನ ಮೇಲೆ ಹೊರಗೆ ಬಂದಿದ್ದ. ಎಡಗೈಯಿಂದ ಒಂದೊಂದರ ತಲೆ ಬಗ್ಗಿಸಿ ನೀರು ತೋರಿಸಿದ. ನಾನು ನೆರವಾಗಲು ಹೋದರೆ, "ನಿನ್ನ ಕೋಟು ಒದ್ದಿ ಆಕ್ಕತಿ, ದೂರ ನಿಲ್ಲು ತಮ್ಮಾ" ಎಂದ.

ಆಸ್ಪತ್ರೆಯಲ್ಲಿ ಕೈ ನೋಡಿದ ಡಾಕ್ಟರು ತಡವಾಯಿತೆಂದರು. ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಬೆರಳುಗಳು ಮಡಿಚುತ್ತಿರಲಿಲ್ಲ. ಉಣ್ಣೆ ಕತ್ತರಿಸುವ ಕತ್ತರಿ ಆ ಕೈಯಲ್ಲಿ ನಿಲ್ಲಲಿಲ್ಲ.

ಕಳವಿನ ಕೇಸು ಬಿದ್ದುಹೋಗಲು ಇನ್ನೂ ಬಹಳ ಕಾಲ ಹಿಡಿಯಿತು. ಸುಳ್ಳೆಂದು ಎಲ್ಲರಿಗೂ ಗೊತ್ತಿದ್ದ ಕೇಸಿಗೆ ಅಣ್ಣ ಊರಿನಿಂದ ಪ್ರತಿ ಸಲ ಕೋರ್ಟಿಗೆ ಬಂದು ಕೈಕಟ್ಟಿ ನಿಲ್ಲಬೇಕಿತ್ತು. ಹಾಗೆ ಬರುವಾಗ ಅವನು ಬಸ್ಸು ಹತ್ತುತ್ತಿರಲಿಲ್ಲ. ಮೊದಮೊದಲು ನನಗೆ ಅರ್ಥವಾಗಲಿಲ್ಲ. ಒಮ್ಮೆ ಬಲವಂತ ಮಾಡಿ ಹತ್ತಿಸಲು ಹೋದಾಗ, ಮೆಟ್ಟಿಲಲ್ಲಿ ನಿಂತಿದ್ದ ಕಂಡಕ್ಟರನನ್ನು ನೋಡಿ ಅಣ್ಣನ ಮೈ ಸೆಟೆದುಕೊಂಡಿತು. ಕಂಡಕ್ಟರ್ ಹಾಕಿದ್ದು ಖಾಕಿ ಅಂಗಿ. "ನಾ ನಡದು ಬರ್ತೀನಿ, ನೀ ಹೋಗು" ಎಂದು ಅಣ್ಣ ರಸ್ತೆಯಂಚಿಗೆ ಸರಿದುಬಿಟ್ಟ. ಅವತ್ತಿನಿಂದ ನಾನೂ ಅವನ ಜೊತೆ ನಡೆದೇ ಹೋದೆ.

ಕಳವಿನ ಕೇಸು ಮುಗಿದ ಮೇಲೆ ವಕೀಲರು ನಷ್ಟಪರಿಹಾರಕ್ಕೆ ದಾವೆ ಹೂಡೋಣ ಎಂದರು. ಸರ್ಕಾರದ ಮೇಲೂ, ಹೊಡೆದವರ ಮೇಲೂ. ಅಣ್ಣನಿಗೆ ಮನಸ್ಸಿರಲಿಲ್ಲ. ಹಟ ಹಿಡಿದವಳು ಅತ್ತಿಗೆ.

"ನಮ್ಮ ಕುರಿ ನಮ್ಮ ಕಣ್ಮುಂದ ನೀರಿಲ್ದ ಸತ್ತಾವು. ಇದು ತಪ್ಪು ಅಂತ ಯಾರರೇ ಒಬ್ರು ಹೇಳ್ಬೇಕೋ ಬ್ಯಾಡೋ?" ಎಂದು ಅವಳು ವಕೀಲರನ್ನೇ ಕೇಳಿದಳು.

"ಹೇಳಬೇಕಮ್ಮ" ಎಂದರು ವಕೀಲರು. "ಅದಕ್ಕೇ ಕೋರ್ಟು ಇರೋದು."

ಸರ್ಕಾರಕ್ಕೆ ಮೊದಲು ನೋಟೀಸು ಕೊಟ್ಟು ಕಾದೆವು. ಉತ್ತರ ಬರಲಿಲ್ಲ. ಆಮೇಲೆ ದಾವೆ ದಾಖಲಾಯಿತು. ಅಷ್ಟರಲ್ಲಿ ನನ್ನ ಶಾಲೆಗೆ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರು ತನಿಖೆಗೆ ಬಂದರು. ಮಕ್ಕಳ ಮಗ್ಗಿ ಕೇಳಿ, ಹಾಜರಿ ನೋಡಿ, ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದರು.

"ನೀವು ಸರ್ಕಾರದ ಮೇಲೆ ಸಾಕ್ಷಿ ಹೇಳ್ತೀರಂತೆ?"

"ನಮ್ಮಣ್ಣನ ಪರ ಹೇಳ್ತೀನಿ ಸಾರ್."

"ಎರಡೂ ಒಂದೇ ಕಣ್ರೀ. ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ, ಯೋಚನೆ ಮಾಡಿ."

ನಾನು ಯೋಚನೆ ಮಾಡಿದೆ. ಆ ವಾರ ಐದನೇ ತರಗತಿಗೆ ಪೌರನೀತಿಯ ಪಾಠವಿತ್ತು. ಪೊಲೀಸರು ನಮ್ಮನ್ನು ಕಾಯುವವರು, ನ್ಯಾಯಾಲಯದ ಮುಂದೆ ಎಲ್ಲರೂ ಸಮಾನರು ಎಂದು ಬೋರ್ಡಿನ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು. ಹಳೆಯ ಮಹಾರಾಜರ ಕಾಲ ಹೋಗಿ ನಮ್ಮದೇ ಸರ್ಕಾರ ಬಂದಿದೆ, ಕನ್ನಡದ ಸೀಮೆಗಳೆಲ್ಲ ಒಂದಾಗಿವೆ ಎಂದು ಹಿಂದಿನ ವರ್ಷಗಳಲ್ಲಿ ನಾನೇ ಉಬ್ಬಿ ಹೇಳುತ್ತಿದ್ದೆ. ಈಗಲೂ ಹೇಳಿದೆ. ದನಿ ಮಾತ್ರ ನನಗೇ ಕೇಳಿಸದಷ್ಟು ಸಣ್ಣಗಿತ್ತು.

ಸಾಕ್ಷಿ ಹೇಳಿ ಬಂದೆ. ಸ್ವಲ್ಪ ದಿನಕ್ಕೆ ನನ್ನನ್ನು ತಾಲ್ಲೂಕಿನ ಇನ್ನೊಂದು ಮೂಲೆಗೆ, ಬಸ್ಸು ಬಾರದ ಊರಿಗೆ ಹಾಕಿದರು. ಅದಕ್ಕೂ ಇದಕ್ಕೂ ಸಂಬಂಧವಿತ್ತೆಂದು ಯಾರೂ ಹೇಳಲಿಲ್ಲ.

ಅಣ್ಣ ಸಾಕ್ಷಿಕಟ್ಟೆ ಹತ್ತಿದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸರ್ಕಾರಿ ವಕೀಲರು ಜೋರು ಮಾಡಲಿಲ್ಲ. ಮೆತ್ತಗೆ ಕೇಳಿದರು.

"ಕುರಿ ಅಟ್ಟಿಕೊಂಡು ಓಡುವಾಗ ಬದುವಿನ ಮೇಲೆ ಬಿದ್ದು ಕೈ ಮುರಿದದ್ದಲ್ಲವೇನಪ್ಪ?"

"ಅಲ್ರೀ."

"ಮ್ಯಾಜಿಸ್ಟ್ರೇಟರ ಮುಂದೆ ಯಾಕೆ ಹೇಳಲಿಲ್ಲ?"

ಅಣ್ಣ, "ಮತ್ತ ಅವ್ರ ಕೂಡನ ವಾಪಸ್ ಹೋಗ್ಬೇಕಿತ್ರಿ" ಎಂದ.

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಅವನ ಕಡೆ ನೋಡಿದರು. ಕೈ ತೋರಿಸು ಎಂದರು. ಅಣ್ಣ ಎಡಗೈಯನ್ನು ಬಲಗೈಯ ಕೆಳಗೆ ಕೊಟ್ಟು ಎತ್ತಿ ಹಿಡಿದ. ಆಗ ನನಗೆ ನ್ಯಾಯ ಸಿಕ್ಕೇ ಸಿಗುತ್ತದೆ ಅನ್ನಿಸಿತು. ಜಮೀನ್ದಾರರು ಬಂದು ನಿಜ ಹೇಳಿದರು. ದೊಡ್ಡಿ ಕಾಯುವವನು ಹೆದರುತ್ತಲೇ ಆದರೂ, ಹುಲ್ಲು ನೀರು ಇರಲಿಲ್ಲವೆಂದು ಹೇಳಿದ. ಅಷ್ಟು ಮಾಡಿದ್ದಕ್ಕೆ ಅತ್ತಿಗೆ ಹೊರಗೆ ಅವನ ಕಾಲು ಮುಟ್ಟಲು ಹೋದಳು. ಅವನು ಹಿಂದಕ್ಕೆ ಸರಿದು, "ಬೇಡ ತಂಗಿ, ಬೇಡ" ಎಂದು ಬೇಗಬೇಗ ಹೊರಟುಹೋದ.

ತೀರ್ಪಿನ ದಿನ ನಾವು ಮೂವರೂ ಹೋಗಿದ್ದೆವು. ಇಂಗ್ಲಿಷಿನಲ್ಲಿ ಓದಿದರು. ನನಗೆ ಅಲ್ಲೊಂದು ಇಲ್ಲೊಂದು ಮಾತು ತಿಳಿಯಿತು, ಕೊನೆಯದು ತಿಳಿಯಿತು. ವಕೀಲರು ನಮ್ಮನ್ನು ಜಗಲಿಯ ಕಡೆಗೆ ಕರೆದುಕೊಂಡು ಬಂದರು. ಅಣ್ಣ ಅತ್ತಿಗೆ ಅವರ ಬಾಯನ್ನೇ ನೋಡುತ್ತಿದ್ದರು.

"ನೀವು ಹೇಳಿದ್ದನ್ನೆಲ್ಲ ನಂಬಿದ್ದಾರೆ" ಎಂದರು ವಕೀಲರು. "ನೀನು ಕಳ್ಳ ಅಲ್ಲ, ನಿನ್ನನ್ನ ಹೊಡೆದದ್ದು ನಿಜ, ಕುರಿಗಳು ಹೊಟ್ಟೆಗಿಲ್ಲದೆ ಸತ್ತದ್ದು ನಿಜ. ಎಲ್ಲಾ ಬರೆದಿದ್ದಾರೆ."

ಅತ್ತಿಗೆ ಕೈ ಜೋಡಿಸಿದಳು.

"ಆದರೆ ದಾವೆ ವಜಾ ಆಗಿದೆಯಮ್ಮ."

ಅವಳಿಗೆ ಅರ್ಥವಾಗಲಿಲ್ಲ. ವಕೀಲರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು. ನನ್ನ ಕಡೆ ನೋಡುತ್ತ ಅವಳಿಗೆ ಹೇಳಿದರು. "ಸರ್ಕಾರ ಅಂಗಡಿ ಇಟ್ಟು ವ್ಯಾಪಾರ ಮಾಡೋವಾಗ ನಷ್ಟ ಮಾಡಿದರೆ ಕೇಳಬಹುದು. ಹಿಡಿಯೋದು, ಜಪ್ತಿ ಮಾಡೋದು, ಇವೆಲ್ಲ ರಾಜ್ಯ ಆಳೋ ಕೆಲಸ. ಅದನ್ನ ಮಾಡೋವಾಗ ಸರ್ಕಾರದ ಆಳು ತಪ್ಪು ಮಾಡಿದರೆ ಸರ್ಕಾರ ಕೊಡಬೇಕಾಗಿಲ್ಲ. ಕಂಪನಿ ಕಾಲದಿಂದ ಹಾಗೇ ನಡೆದು ಬಂದಿದೆ."

"ಹೊಡೆದವರು?" ಎಂದೆ ನಾನು.

"ಅವರ ಮೇಲೆ ಹಾಕಬಹುದಿತ್ತು. ಪೊಲೀಸಿನವರ ಮೇಲೆ ಹಾಕೋ ದಾವೆಗೆ ಅವಧಿ ಬಹಳ ಕಡಿಮೆ. ಅದು ಮೀರಿಹೋಗಿದೆ ಅಂದಿದ್ದಾರೆ." ಆಮೇಲೆ ಅವರು ಹೇಳಿದರು, "ಕಳವಿನ ಕೇಸು ಮುಗಿಯೋವರೆಗೆ ತಡೀರಿ ಅಂತ ಹೇಳಿದವನು ನಾನೇ. ಕೇಸು ತಲೆ ಮೇಲಿರೋವಾಗ ಪೊಲೀಸರನ್ನ ಎದುರು ಹಾಕ್ಕೊಂಡರೆ ಇವನಿಗೆ ಶಿಕ್ಷೆ ಆದೀತು ಅಂತ ಹೆದರಿದೆ."

ಅಣ್ಣ ಅವರಿಗೆ ಸಮಾಧಾನ ಹೇಳುವವನಂತೆ, "ಇರ್ಲಿ ಬಿಡ್ರಿ ವಕೀಲ್ರ. ನೀವೇನ್ ಮಾಡ್ತೀರಿ" ಎಂದ.

ಅತ್ತಿಗೆ ಮಾತ್ರ ಅಲ್ಲಿಯೇ ನಿಂತಿದ್ದಳು. "ನಿಜ ಅಂತ ಬರದಾರ ಅಂದ್ರೆಲ್ರಿ" ಎಂದಳು. "ನಿಜ ಅಂತ ಗೊತ್ತಾದ ಮ್ಯಾಲೂ ಏನೂ ಮಾಡಂಗಿಲ್ಲ ಅಂದ್ರ, ಸುಳ್ಳು ಅಂದಿದ್ರ ಆಗ್ತಿತ್ತಲ್ರಿ. ನಮ್ಮ ಮಾತು ಅವ್ರು ನಂಬಲಿಲ್ಲ ಅಂತ ತಿಳ್ಕೊಂಡು ಮನೀಗ ಹೋಗ್ತಿದ್ವಿ."

ಜಗಲಿಯ ಮೇಲೆ ಬೇರೆ ಕೇಸಿನವರು ತಮ್ಮ ಹೆಸರು ಕೂಗುವುದನ್ನು ಕಾಯುತ್ತ ಕುಳಿತಿದ್ದರು. ನಾವು ಅವರನ್ನು ದಾಟಿಕೊಂಡು ಹೊರಗೆ ಬಂದೆವು.

ವಕೀಲರು ತಾವೇ ಮುಂದಾಗಿ ಮೇಲಿನ ಕೋರ್ಟಿಗೆ ಅಪೀಲು ಹಾಕಿಸಿದರು. ಆ ಅಪೀಲಿನಲ್ಲಿ ನಮಗೆ ನಂಬಿಕೆಯಿತ್ತೆಂದು ಹೇಳಲಾರೆ. ಉಳಿದಿದ್ದ ಕುರಿಗಳನ್ನು ಅಣ್ಣ ಶಿರಾಳಕೊಪ್ಪದ ಸಂತೆಯಲ್ಲಿ ಮಾರಿಬಿಟ್ಟ. ಕೊಂಡವನು ಕಟ್ಟಿಕೊಂಡು ಹೋಗುವಾಗ ಅಣ್ಣ ತಿರುಗಿ ನೋಡಲಿಲ್ಲ. ಅತ್ತಿಗೆ ಕಂಡವರ ಗದ್ದೆಗೆ ಕೂಲಿಗೆ ಹೋದಳು. ಅಣ್ಣನಿಗೆ ಕೂಲಿಯೂ ಆಗುತ್ತಿರಲಿಲ್ಲ. ಹಗಲೆಲ್ಲ ಮನೆಯ ಹಿಂದೆ ಬಿಸಿಲಿಗೆ ಕುಳಿತಿರುತ್ತಿದ್ದ. ಮುಂಬಾಗಿಲ ಕಡೆ ಕೂರುತ್ತಿರಲಿಲ್ಲ, ಅಲ್ಲಿಂದ ರಸ್ತೆ ಕಾಣುತ್ತಿತ್ತು. ನಾನು ಹೋದಾಗ ಎದ್ದು ಕಂಬಳಿ ಹಾಸುವುದನ್ನೂ ಬಿಟ್ಟಿದ್ದ. ಬಂದೆಯಾ ಎನ್ನುತ್ತಿದ್ದ, ಅಷ್ಟೇ. ಮುಂದಿನ ಕೊಯ್ಲಿಗೆ ಕುಬಟೂರಿನವರು ಮತ್ತೆ ಮಂದೆ ಕಟ್ಟಿ ತರುತ್ತೀರಾ ಎಂದು ಹೇಳಿ ಕಳಿಸಿದರು. ಅವರಿಗೆ ಏನು ಹೇಳಲಿ ಎಂದು ಕೇಳಿದೆ. "ಬೇರೇರ್ನ ನೋಡ್ಕಳ್ರಿ ಅನ್ನು" ಎಂದ.

ಒಂದು ಚಳಿಗಾಲ ಅವನಿಗೆ ಜ್ವರ ಬಂದು ಎದೆ ಕಟ್ಟಿತು. ಬಸ್ಸು ಹತ್ತಿಸಿ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯುತ್ತೇನೆಂದೆ. ಬರಲಿಲ್ಲ. ಮೂರನೆಯ ದಿನ ತೀರಿಕೊಂಡ. ಮನೆಗೆ ಬಂದು ನೋಡಿದ್ದ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ಅದು ಸರಿಯೇ ಇರಬೇಕು.

ಅಪೀಲು ಏನಾಯಿತೆಂದು ನಮಗೆ ಯಾರೂ ತಿಳಿಸಲಿಲ್ಲ. ವಕೀಲರು ಕಣ್ಣು ಮಂಜಾಗಿ ಕೆಲಸ ಬಿಟ್ಟು ಮಗನ ಊರಿಗೆ ಹೋಗಿದ್ದರು. ಒಂದು ರಜೆಯಲ್ಲಿ ನಾನೇ ಹೋಗಿ ಆ ಕೋರ್ಟಿನ ಕಚೇರಿಯಲ್ಲಿ ವಿಚಾರಿಸಿದೆ. ಗುಮಾಸ್ತರು ಕಟ್ಟು ಬಿಚ್ಚಿ ನೋಡಿ, "ಇದು ಹೋದ ವರ್ಷವೇ ವಜಾ ಆಗಿದೆಯಲ್ರೀ. ಕರೆದಾಗ ನಿಮ್ಮ ಕಡೆಯವರು ಯಾರೂ ಇರಲಿಲ್ಲ" ಎಂದರು. ಲೆಕ್ಕ ಹಾಕಿ ನೋಡಿದರೆ ಆಗ ಅಣ್ಣ ಇನ್ನೂ ಇದ್ದ.

ಅಲ್ಲಿಂದ ನೇರ ಊರಿಗೆ ಹೋದೆ. ಅತ್ತಿಗೆ ಕೂಲಿ ಮುಗಿಸಿ ಆಗಷ್ಟೇ ಬಂದು ಕಾಲಿನ ಕೆಸರು ತೊಳೆದುಕೊಳ್ಳುತ್ತಿದ್ದಳು. ವಿಷಯ ಹೇಳಿದೆ. ಅವಳು ತಂಬಿಗೆ ಕೆಳಗಿಟ್ಟು, ಯಾವುದೋ ದೂರದ ನೆಂಟರ ಮನೆಯ ಸುದ್ದಿ ಕೇಳಿದಂತೆ, "ಹೌದಾ" ಎಂದಳು. ಸೆರಗಿಗೆ ಕೈ ಒರೆಸಿಕೊಂಡು, "ಬಿಸ್ಲಾಗ ಬಂದಿ, ಒಳಗ ಬಾ. ರೊಟ್ಟಿ ಬಡೀತೀನಿ" ಎಂದು ಒಲೆಗೆ ಬೆಂಕಿ ಹಾಕಲು ಹೋದಳು.